55,000ದಲ್ಲಿ ಎಡಿಟಿಂಗ್ ಕಂಪ್ಯೂಟರ್: ಮೊದಲು ಆ ಕೊಟೇಶನ್ ಸರಿಯಾಗಿ ಓದೋಣ

ಪ್ರಶ್ನೆ: ಸಾಗರದ ಹತ್ತಿರದ ಹಳ್ಳಿ ನಮ್ಮದು. ಮನೆಯಲ್ಲೇ ಡಿಟಿಪಿ, ಮದುವೆ ಆಲ್ಬಮ್ ಕೆಲಸ ಮಾಡುತ್ತೇನೆ. ಇನ್ನು ಮುಂದೆ ವಿಡಿಯೋ ಎಡಿಟಿಂಗ್ ಕೂಡ ಮಾಡಬೇಕು ಅಂತಿದ್ದೇನೆ. ಕ್ಯಾಮೆರಾದವರು 4ಕೆ ಫೈಲ್ ಕೊಡುತ್ತಾರೆ. ನನ್ನ ಹಳೆ ಕಂಪ್ಯೂಟರ್‌ಗೆ ಅದು ಆಗುತ್ತಿಲ್ಲ. ಮಾನಿಟರ್, ಕೀಬೋರ್ಡ್, ಮೌಸ್ ಇವೆ. ಯುಪಿಎಸ್ ಸೇರಿ 55,000 ರೂಪಾಯಿ ಹೊಂದಿಸಿದ್ದೇನೆ. ಒಂದು ಅಂಗಡಿಯವರು ‘ಐ7 ಪ್ರೊಸೆಸರ್, 16 ಜಿಬಿ ರ್ಯಾಮ್, 512 ಜಿಬಿ ಎಸ್‌ಎಸ್‌ಡಿ, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 450 ವ್ಯಾಟ್ ಎಸ್‌ಎಂಪಿಎಸ್, ಆರ್‌ಜಿಬಿ ಕ್ಯಾಬಿನೆಟ್’ ಅಂತ 32,000ಕ್ಕೆ ಬರೆದುಕೊಟ್ಟಿದ್ದಾರೆ. ಇನ್ನೊಬ್ಬರು ಬರೀ ಐ5 ಹಾಕಿ, ಗ್ರಾಫಿಕ್ಸ್ ಕಾರ್ಡೂ ಇಲ್ಲದೆ ಇದಕ್ಕಿಂತ ಜಾಸ್ತಿ ಹೇಳುತ್ತಿದ್ದಾರೆ. ತಮ್ಮನಿಗೆ ಗೇಮ್ ಆಡಲೂ ಬೇಕಂತೆ. ಯಾವುದು ತಗೊಳ್ಳಲಿ?

ಉತ್ತರ: ಮೊದಲನೇ ಅಂಗಡಿಗೆ ಮುಂಗಡ ಕೊಡಬೇಡಿ. ಅವರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಚೀಟಿಯಲ್ಲಿ ಬೆಲೆ ಒಂದು ಬಿಟ್ಟರೆ ಬೇರೇನೂ ಗೊತ್ತಾಗುವುದಿಲ್ಲ. ಯಾವ ಐ7? ಯಾವ ಬೋರ್ಡ್? ಯಾವ ಗ್ರಾಫಿಕ್ಸ್ ಕಾರ್ಡ್? ಪ್ರತಿ ಭಾಗದ ಪೂರ್ತಿ ಮಾದರಿ ಸಂಖ್ಯೆ ಇಲ್ಲದೆ ಎರಡು ಕೊಟೇಶನ್‌ಗಳನ್ನು ಹೋಲಿಸಲು ಆಗುವುದೇ ಇಲ್ಲ.

ಐ7 ಅನ್ನುವುದು 2008ರಿಂದ ನಡೆದುಬಂದಿರುವ ಹೆಸರು. ಅದರ ಮುಂದಿನ ಅಂಕಿಯನ್ನು ನೋಡಬೇಕು. 3770 ಅಂದರೆ ಮೂರನೇ ಪೀಳಿಗೆ, 2012ರದು. 4790 ಅಂದರೆ ನಾಲ್ಕನೇ ಪೀಳಿಗೆ, 2014ರದು. ಐ5ರಲ್ಲೂ ಹೀಗೆಯೇ, 12400 ಅಂದರೆ ಹನ್ನೆರಡನೇ ಪೀಳಿಗೆ, 2022ರದು. ಎಲ್ಲ ಸೇರಿ 32,000ಕ್ಕೆ ‘ಐ7’ ಸಿಗುತ್ತಿದೆ ಅಂದರೆ ಹೆಚ್ಚಾಗಿ ಅದು ಮೂರನೇ ಅಥವಾ ನಾಲ್ಕನೇ ಪೀಳಿಗೆಯದೇ ಆಗಿರುತ್ತದೆ. ಆಫೀಸುಗಳ ಹಳೆ ಕಂಪ್ಯೂಟರ್‌ಗಳಿಂದ ಬಿಚ್ಚಿದ ಪ್ರೊಸೆಸರ್, ಅದಕ್ಕೆ ಹೊಂದುವ ಆ ಕಾಲದ ಎಚ್61 ಅಥವಾ ಎಚ್81 ಬೋರ್ಡ್, ಹಳೆ ತಲೆಮಾರಿನ ಡಿಡಿಆರ್3 ರ್ಯಾಮ್. ಈ ಬೋರ್ಡ್‌ಗಳನ್ನು ಈಗಲೂ ತಯಾರಿಸಿ ಹೊಸ ಡಬ್ಬದಲ್ಲಿ ಮಾರುತ್ತಾರೆ. ಹಾಗಾಗಿ ನೋಡುವವರಿಗೆ ಎಲ್ಲ ಹೊಚ್ಚ ಹೊಸದು ಅನ್ನಿಸುತ್ತದೆ.

ಒಂದು ಹೋಲಿಕೆ ನೋಡಿ. ಐ7-3770ರಲ್ಲಿ 4 ಕೋರ್ (ಕೆಲಸ ಮಾಡುವ ಘಟಕ), 8 ಥ್ರೆಡ್ (ಒಮ್ಮೆಗೆ ನಡೆಸಬಲ್ಲ ಕೆಲಸದ ಎಳೆ). ಐ3-12100ರಲ್ಲೂ 4 ಕೋರ್, 8 ಥ್ರೆಡ್. ಲೆಕ್ಕಕ್ಕೆ ಎರಡೂ ಒಂದೇ. ಆದರೆ ಹನ್ನೆರಡನೇ ಪೀಳಿಗೆಯ ಆ ಐ3, ಹಳೆ ಐ7ಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೆಲಸ ಮಾಡುತ್ತದೆ, ಕರೆಂಟೂ ಕಡಿಮೆ ಸಾಕು. ವಿಂಡೋಸ್ ವಿಚಾರವೂ ಇದೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪಿರುವ ಇಂಟೆಲ್ ಪಟ್ಟಿ, ಒಂದೆರಡು ಅಪವಾದ ಬಿಟ್ಟರೆ, ಎಂಟನೇ ಪೀಳಿಗೆಯಿಂದ ಶುರು. ಮೂರನೇ ಪೀಳಿಗೆಯ ಯಂತ್ರಕ್ಕೂ ಹೇಗೋ ವಿಂಡೋಸ್ 11 ಹಾಕಿಕೊಡುತ್ತಾರೆ, ಓಡುತ್ತದೆ ಕೂಡ. ಆದರೆ ಗಿರಾಕಿಯ ಮದುವೆ ಫೈಲ್ ಇಟ್ಟುಕೊಳ್ಳುವ ಯಂತ್ರ ಹೀಗೆ ಅಡ್ಡದಾರಿಯಲ್ಲಿ ನಡೆಯಬಾರದು.

ಇನ್ನು ಆ ‘4 ಜಿಬಿ ಗ್ರಾಫಿಕ್ಸ್ ಕಾರ್ಡ್’. ಈ ಬೆಲೆಯಲ್ಲಿ ಹಾಕುವುದು ಸಾಮಾನ್ಯವಾಗಿ ಜಿಟಿ 730. ಅದು 2014ರ ಕಾರ್ಡ್. ಎಷ್ಟು ಜಿಬಿ ಅನ್ನುವುದು ಅದರ ಶಕ್ತಿಯನ್ನು ಹೇಳುವುದಿಲ್ಲ. ಎಎಂಡಿಯ ರೈಜನ್ 5 5600ಜಿ ಪ್ರೊಸೆಸರ್ ಒಳಗೇ ಬರುವ ಗ್ರಾಫಿಕ್ಸ್ ಇದಕ್ಕಿಂತ ಎಷ್ಟೋ ಮುಂದಿದೆ. ಅಂದರೆ ಆ ಕಾರ್ಡಿಗೆ ಕೊಡುವ ದುಡ್ಡು ಸುಮ್ನೆ ಹೋದ ಹಾಗೆ.

ಹಾಗಾದರೆ 55,000ವನ್ನು ಹೇಗೆ ಹಂಚಬೇಕು? ನಾನು ಹಿಡಿಯುವ ದಾರಿ ಇದು: ಇವತ್ತು ಕೊಳ್ಳುವ ಯಾವ ಭಾಗವನ್ನೂ ಎರಡು ವರ್ಷದ ಮೇಲೆ ಕಿತ್ತು ಬಿಸಾಡುವ ಹಾಗಿರಬಾರದು. ಬೇಕಾದರೆ ಒಂದು ಭಾಗವನ್ನು ಈಗ ಕೊಳ್ಳದೇ ಇರಿ. ಅರ್ಧಂಬರ್ಧದ್ದು ಮಾತ್ರ ಬೇಡ. ದುಡ್ಡು ಕಡಿಮೆ ಇದ್ದವರಿಗೇ ಇದು ಜಾಸ್ತಿ ಮುಖ್ಯ, ಯಾಕೆಂದರೆ ಒಂದೇ ಭಾಗವನ್ನು ಎರಡು ಸಲ ಕೊಳ್ಳುವ ಶಕ್ತಿ ನಮಗೆ ಇರುವುದಿಲ್ಲ.

ಪ್ರೊಸೆಸರ್‌ನಿಂದ ಶುರು ಮಾಡೋಣ. ನಿಮ್ಮ ಕೆಲಸಕ್ಕೆ ನಾನು ಹೇಳುವುದು ಇಂಟೆಲ್ ಐ5-12400. 6 ಕೋರ್, 12 ಥ್ರೆಡ್. ಎರಡನೇ ಅಂಗಡಿಯವರು ಹೇಳಿದ ಐ5 ಇದೇ ಆಗಿದ್ದರೆ ಅವರು ನಿಮಗೆ ಒಳ್ಳೆಯದನ್ನೇ ತೋರಿಸಿದ್ದಾರೆ. ಬರೀ ಗೇಮ್ ಮತ್ತು ಓದಿಗೆ ಅಂತ ಕೇಳಿದ್ದರೆ, ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಕ್ಕೆ 5600ಜಿ ಅನ್ನುತ್ತಿದ್ದೆ. ನಿಮ್ಮದು ವಿಡಿಯೋ. ಇಂಟೆಲ್ ಪ್ರೊಸೆಸರ್‌ನ ಗ್ರಾಫಿಕ್ಸ್ ಭಾಗದಲ್ಲಿ ಕ್ವಿಕ್ ಸಿಂಕ್ ಅಂತ ಒಂದು ವ್ಯವಸ್ಥೆ ಇದೆ. ವಿಡಿಯೋ ಬಿಡಿಸುವುದಕ್ಕೆ, ಕಟ್ಟುವುದಕ್ಕೆ ಮೀಸಲಾದ ಸರ್ಕ್ಯೂಟ್ ಅದು. ಅಡೋಬಿಯ ಎಡಿಟಿಂಗ್ ತಂತ್ರಾಂಶ ಪ್ರೀಮಿಯರ್ ಪ್ರೊ ಇದನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ.

ಇದು ಯಾಕೆ ಅಷ್ಟು ಮುಖ್ಯ ಅಂದರೆ, ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು 4ಕೆ ವಿಡಿಯೋವನ್ನು ಎಚ್‌ಇವಿಸಿ (ಎಚ್.265) ಅನ್ನುವ ಒತ್ತಿ ಕಿರಿದು ಮಾಡಿದ ರೂಪದಲ್ಲಿ, 10 ಬಿಟ್ 4:2:2 ಬಣ್ಣದಲ್ಲಿ, ಅಂದರೆ ಸಾಧಾರಣ ವಿಡಿಯೋಗಿಂತ ಹೆಚ್ಚು ಬಣ್ಣದ ವಿವರ ಇಟ್ಟು, ಕೊಡುವುದುಂಟು. ಈ ಫೈಲ್ ಟೈಮ್‌ಲೈನ್‌ಗೆ ಹಾಕಿದ ಕೂಡಲೇ ಎಷ್ಟೋ ಯಂತ್ರಗಳು ತಡವರಿಸುತ್ತವೆ. 5600ಜಿಯ ಗ್ರಾಫಿಕ್ಸ್‌ಗೆ ಅದನ್ನು ಬಿಡಿಸಲು ಬರುವುದಿಲ್ಲ. ಎನ್‌ವಿಡಿಯಾ ಕಾರ್ಡ್‌ಗಳಿಗೂ 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿಯ ತನಕ ಬರುತ್ತಿರಲಿಲ್ಲ. 12400ರ ಒಳಗಿನ ಸಣ್ಣ ಗ್ರಾಫಿಕ್ಸ್‌ಗೆ ಬರುತ್ತದೆ. ಅದೇ 4:2:2 ಬಣ್ಣ ಎಚ್.264 ಅನ್ನುವ ಹಳೆ ರೂಪದಲ್ಲಿದ್ದರೆ ಮಾತ್ರ ಇದಕ್ಕೂ ಆಗುವುದಿಲ್ಲ. ಆಗ ಪ್ರಾಕ್ಸಿ ಫೈಲ್, ಅಂದರೆ ಎಡಿಟಿಂಗ್ ಹೊತ್ತಿಗೆ ಮಾತ್ರ ಬಳಸುವ ಹಗುರ ಪ್ರತಿ, ಮಾಡಿಕೊಂಡೇ ಎಡಿಟ್ ಮಾಡಬೇಕು. ಹಾಗಾಗಿ ದುಡ್ಡು ಕೊಡುವ ಮೊದಲು ಕ್ಯಾಮೆರಾದವರಿಂದ ಒಂದು ಸಣ್ಣ ಕ್ಲಿಪ್ ತರಿಸಿಕೊಳ್ಳಿ. ಮೀಡಿಯಾಇನ್ಫೋ ಅನ್ನುವ ಉಚಿತ ತಂತ್ರಾಂಶದಲ್ಲಿ ತೆರೆದರೆ ಯಾವ ರೂಪ, ಎಷ್ಟು ಬಿಟ್, 4:2:0 ಇದೆಯೋ 4:2:2 ಇದೆಯೋ ಎಲ್ಲ ಬರೆದಿರುತ್ತದೆ. ಸಾಧಾರಣ 8 ಬಿಟ್ 4:2:0 ಆಗಿದ್ದರೆ ತಲೆಬಿಸಿಯೇ ಇಲ್ಲ.

ಒಂದು ಅಕ್ಷರದ ಬಗ್ಗೆ ಎಚ್ಚರ. 12400 ಬೇರೆ, 12400ಎಫ್ ಬೇರೆ. ಎಫ್ ಇದ್ದರೆ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಬೆಲೆ ಕಡಿಮೆ ಇರುತ್ತದೆ ನಿಜ, ಆದರೆ ಬೇರೆ ಕಾರ್ಡ್ ಹಾಕದೆ ಪರದೆಯಲ್ಲಿ ಏನೂ ಕಾಣುವುದಿಲ್ಲ. ಕ್ವಿಕ್ ಸಿಂಕ್ ಕೂಡ ಹೋಯಿತು. ಹಾಗೆಯೇ ಡಬ್ಬವಿಲ್ಲದೆ ಬಿಡಿಯಾಗಿ ಮಾರುವ ‘ಟ್ರೇ’ ಪ್ರೊಸೆಸರ್ ಬೇಡ, ಡಬ್ಬದಲ್ಲಿರುವುದನ್ನೇ ತಗೊಳ್ಳಿ. ಡಬ್ಬದ್ದಕ್ಕೆ ಇಂಟೆಲ್ 3 ವರ್ಷದ ವಾರಂಟಿ ಕೊಡುತ್ತದೆ, ಜೊತೆಗೆ ಕೂಲರ್ ಇರುತ್ತದೆ. 12400ಕ್ಕೆ ಆ ಕೂಲರ್ ಸಾಕು, ಬೇರೆ ಕೊಳ್ಳಬೇಡಿ.

ಇಲ್ಲಿ ಹೊಸ ತಲೆಮಾರಿನ ಡಿಡಿಆರ್5 ರ್ಯಾಮ್ ಇರುವ ಯಂತ್ರ ಯಾಕೆ ಹೇಳುತ್ತಿಲ್ಲ ಅಂತ ನೀವು ಕೇಳಬಹುದು. ಎಎಂಡಿಯ ಎಎಂ5 ಬೋರ್ಡ್‌ಗೆ ಇನ್ನೂ ಕೆಲವು ವರ್ಷ ಹೊಸ ಪ್ರೊಸೆಸರ್ ಬರುತ್ತದೆ ಅನ್ನುವುದು ಸರಿ. ಆದರೆ ಅದಕ್ಕೆ ಡಿಡಿಆರ್5 ಬಿಟ್ಟರೆ ಬೇರೆ ರ್ಯಾಮ್ ಆಗುವುದಿಲ್ಲ. ರ್ಯಾಮ್ ಪೇಟೆಯೋ ಈಗ ಹದಗೆಟ್ಟಿದೆ. 2025ರ ಕೊನೆಯ ತಿಂಗಳುಗಳಿಂದ ಬೆಲೆ ವಿಪರೀತ ಏರಿತು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಎತ್ತುತ್ತಿವೆ, ತಯಾರಕರೂ ಆ ಕಡೆಯೇ ತಿರುಗಿದ್ದಾರೆ. ಮೈಕ್ರಾನ್ ಅಂತೂ 2025ರ ಡಿಸೆಂಬರ್‌ನಲ್ಲಿ ತನ್ನ ಕ್ರೂಶಿಯಲ್ ಬ್ರ್ಯಾಂಡಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. 12400ಕ್ಕೆ ಹಾಕಬಹುದಾದ ಡಿಡಿಆರ್4 ಕೂಡ ತುಟ್ಟಿಯಾಗಿದೆ. ಆದರೆ ಡಿಡಿಆರ್4ಗೆ ಒಂದು ಅನುಕೂಲ ಇದೆ: ಸೆಕೆಂಡ್ ಹ್ಯಾಂಡ್‌ನಲ್ಲಿ ಧಾರಾಳವಾಗಿ ಸಿಗುತ್ತದೆ. ರ್ಯಾಮ್ ಬೇಗ ಸವೆಯುವ ವಸ್ತುವಲ್ಲ. ನಂಬಿಕೆಯ ಕಡೆ ಸಿಕ್ಕಿದರೆ ತಂದು, ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶ ಒಂದು ರಾತ್ರಿ ಓಡಿಸಿ, ತಪ್ಪು ತೋರಿಸದಿದ್ದರೆ ಧೈರ್ಯವಾಗಿ ಬಳಸಿ. ಎಸ್‌ಎಸ್‌ಡಿ (ಫೈಲ್ ಇಡುವ ಡಿಸ್ಕ್) ಮತ್ತು ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಡಬ್ಬಿ) ಮಾತ್ರ ಸೆಕೆಂಡ್ ಹ್ಯಾಂಡ್ ಖಂಡಿತ ಬೇಡ.

ನಿಮಗೆ 16 ಜಿಬಿ ಬೇಕೇ ಬೇಕು. ಇನ್‌ಡಿಸೈನ್, ಫೋಟೋಶಾಪ್, ಬ್ರೌಸರ್ ಒಟ್ಟಿಗೆ ತೆರೆದರೆ 8 ಜಿಬಿ ಅಲ್ಲೇ ಮುಗಿದುಹೋಗುತ್ತದೆ. 4ಕೆ ಎಡಿಟಿಂಗ್ ಕೆಲಸ ಜಾಸ್ತಿಯಾದಾಗ 32 ಬೇಕಾಗುತ್ತದೆ. ಅದನ್ನು ಈಗಲೇ ಲೆಕ್ಕ ಹಾಕಿ ಬೋರ್ಡ್ ಆರಿಸಬೇಕು. ರ್ಯಾಮ್ ಎರಡು ಕಡ್ಡಿಯಾಗಿ ಹಾಕಿದರೆ ಡ್ಯುಯಲ್ ಚಾನೆಲ್‌ನಲ್ಲಿ ಓಡುತ್ತದೆ, ಒಳಗಿನ ಗ್ರಾಫಿಕ್ಸ್‌ಗೆ ಇದರಿಂದ ತುಂಬಾ ಲಾಭ. ಆದರೆ 12400ಕ್ಕೆ ಹೊಂದುವ ಅಗ್ಗದ ಎಚ್610 ಬೋರ್ಡ್‌ಗಳಲ್ಲಿ ಎರಡೇ ರ್ಯಾಮ್ ಸ್ಲಾಟ್. ಅದರಲ್ಲಿ 8+8 ಹಾಕಿಬಿಟ್ಟರೆ ಮುಂದೆ 32 ಮಾಡುವಾಗ ಎರಡನ್ನೂ ತೆಗೆಯಬೇಕು. ಅದಕ್ಕೆ ಬಿ760 ಬೋರ್ಡ್, ಡಿಡಿಆರ್4 ಮಾದರಿ, ನಾಲ್ಕು ಸ್ಲಾಟ್ ಇರುವುದನ್ನು ಹುಡುಕಿ. ಈಗ 8+8. ಬೆಲೆ ಇಳಿದ ಮೇಲೆ ಇನ್ನೊಂದು 8+8. ಬಿ760ರಲ್ಲಿ ಎರಡು ಸ್ಲಾಟ್‌ನವೂ ಇವೆ, ಡಿಡಿಆರ್5ನವೂ ಇವೆ. ಹೆಸರಿನ ಕೊನೆಯಲ್ಲಿ ಡಿ4 ಅಥವಾ ಡಿಡಿಆರ್4 ಅಂತ ಇದೆಯಾ ನೋಡಿ, ಫೋಟೋದಲ್ಲಿ ಸ್ಲಾಟ್ ಎಣಿಸಿ. ವೇಗ 3200 ಸಾಕು. ಅದಕ್ಕಿಂತ ವೇಗದ ರ್ಯಾಮ್‌ಗೆ ಜಾಸ್ತಿ ಕೊಟ್ಟರೆ ಈ ಪ್ರೊಸೆಸರ್‌ನಲ್ಲಿ ಅದಕ್ಕೆ ತಕ್ಕ ಲಾಭ ಸಿಗುವುದಿಲ್ಲ.

ಬಿ760ಕ್ಕೆ ದುಡ್ಡು ಸಾಲದೇ ಹೋದರೆ ಎಚ್610 ತಗೊಂಡು 16 ಜಿಬಿಯ ಒಂದೇ ಕಡ್ಡಿ ಹಾಕಿ. ತಮ್ಮನ ಗೇಮ್ ನಿಧಾನವಾಗುತ್ತದೆ, ನಿಮ್ಮ ಆಲ್ಬಮ್ ಕೆಲಸಕ್ಕೆ ಅಷ್ಟು ತೊಂದರೆ ಆಗುವುದಿಲ್ಲ. ಇನ್ನೊಂದು ಸ್ಲಾಟ್ ಖಾಲಿ ಇರುತ್ತದಲ್ಲ, ಮುಂದೆ ತುಂಬಿಸಬಹುದು. ನಿಮ್ಮ ಹಳೆ ಕಂಪ್ಯೂಟರ್‌ನ ರ್ಯಾಮ್ ಡಿಡಿಆರ್3 ಆಗಿದ್ದರೆ ಇದಕ್ಕೆ ಕೂರುವುದೇ ಇಲ್ಲ, ಕಚ್ಚಿನ ಜಾಗವೇ ಬೇರೆ.

ಎಸ್‌ಎಸ್‌ಡಿ ಬಗ್ಗೆ ಉದ್ದಕ್ಕೆ ಹೇಳುವುದೇನಿಲ್ಲ. 500 ಜಿಬಿ ಎನ್‌ವಿಎಂಇ (ಬೋರ್ಡ್ ಮೇಲೇ ಕೂರುವ ವೇಗದ ಮಾದರಿ), ಹೆಸರಿರುವ ಕಂಪನಿಯದು, ಸಾಧ್ಯವಾದರೆ ಹೆಚ್ಚು ಬಾಳುವ ಟಿಎಲ್‌ಸಿ ಮಾದರಿ. ವಿಂಡೋಸ್ ಮತ್ತು ಕೈಯಲ್ಲಿರುವ ಕೆಲಸ ಇದರ ಮೇಲೆ. ಹಳೆ ಹಾರ್ಡ್ ಡಿಸ್ಕ್ ಬಿಸಾಡಬೇಡಿ. ಸ್ಥಿತಿ ಚೆನ್ನಾಗಿದ್ದರೆ ಮುಗಿದ ಮದುವೆಗಳ ಫೈಲ್ ಅಲ್ಲಿಡಿ, ಇನ್ನೊಂದು ಪ್ರತಿ ಹೊರಗಿನ ಡಿಸ್ಕ್‌ನಲ್ಲಿ ಇರಲಿ. ಎಚ್610 ಬೋರ್ಡ್ ಆದರೆ ಅದರಲ್ಲಿ ಈ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಮೂರನೇ ತಲೆಮಾರಿನ ವೇಗದಲ್ಲೇ ಓಡುತ್ತದೆ, ಅಂದರೆ ಸೆಕೆಂಡಿಗೆ 3,500 ಎಂಬಿ ಆಸುಪಾಸು. 7,000 ಅಂತ ಬರೆದ ಡಿಸ್ಕ್‌ಗೆ ಜಾಸ್ತಿ ಕೊಟ್ಟು ಅಲ್ಲಿ ಹಾಕುವುದರಲ್ಲಿ ಅರ್ಥವಿಲ್ಲ.

ಈಗ ಎಸ್‌ಎಂಪಿಎಸ್. ಎಲ್ಲರೂ ಮೊದಲು ಕೈ ಬಿಗಿ ಹಿಡಿಯುವುದು ಇಲ್ಲೇ. ನಾನು ಕೈಮುಗಿದು ಹೇಳುತ್ತೇನೆ, ಇಲ್ಲಿ ಮಾತ್ರ ಉಳಿಸಬೇಡಿ. ಬೇರೆ ಭಾಗ ಕೆಟ್ಟರೆ ಅದೊಂದೇ ಕೆಡುತ್ತದೆ. ಕಳಪೆ ಎಸ್‌ಎಂಪಿಎಸ್ ಕೆಟ್ಟರೆ ಬೋರ್ಡ್, ಡಿಸ್ಕ್, ನಿಮ್ಮ ಗಿರಾಕಿಗಳ ಫೈಲ್ ಎಲ್ಲವನ್ನೂ ಎಳೆದುಕೊಂಡು ಹೋಗಬಹುದು.

ಕ್ಯಾಬಿನೆಟ್ ಜೊತೆ ಬರುವ ‘450 ವ್ಯಾಟ್’ ಡಬ್ಬಿಯನ್ನು ಅಂಗಡಿಯಲ್ಲೇ ತಿರುಗಿಸಿ ನೋಡಿ. ಪಕ್ಕದಲ್ಲಿ ಒಂದು ಪಟ್ಟಿ ಅಂಟಿಸಿರುತ್ತಾರೆ. ಅದರಲ್ಲಿ +12ವಿ ಅನ್ನುವ ಕಾಲಂ ಹುಡುಕಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಅಲ್ಲಿಂದಲೇ. ಅದರ ಕೆಳಗೆ 14 ಆಂಪಿಯರ್ ಅಂತ ಇದ್ದರೆ 12ರಿಂದ ಗುಣಿಸಿ: 168 ವ್ಯಾಟ್. ಮೇಲೆ ದಪ್ಪಕ್ಷರದಲ್ಲಿ 450 ಅಂತ ಬರೆದದ್ದರಲ್ಲಿ ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವುದು ಅಷ್ಟೇ. ಒಳ್ಳೆಯ 550 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ ಅದೇ ಕಾಲಂನಲ್ಲಿ 45 ಆಂಪಿಯರ್ ಹತ್ತಿರ ಇರುತ್ತದೆ, ಅಂದರೆ 540 ವ್ಯಾಟ್. ಎರಡನ್ನೂ ಕೈಯಲ್ಲಿ ಹಿಡಿದರೆ ತೂಕದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ನಿಮಗೆ 550 ವ್ಯಾಟ್, 80 ಪ್ಲಸ್ ಬ್ರಾಂಜ್, 5 ವರ್ಷದ ವಾರಂಟಿ ಇರುವುದು ಸಾಕು. 12400 ಅತಿ ಹೆಚ್ಚು ಅಂದರೆ 117 ವ್ಯಾಟ್ ಎಳೆಯುತ್ತದೆ. ಮುಂದೆ 130 ವ್ಯಾಟ್‌ನ ಗ್ರಾಫಿಕ್ಸ್ ಕಾರ್ಡ್ ಹಾಕಿದರೂ ಬೋರ್ಡ್, ಡಿಸ್ಕ್, ಫ್ಯಾನ್ ಸೇರಿ 300ರ ಸುತ್ತ. 750 ವ್ಯಾಟ್ ತಗೊಳ್ಳಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. 80 ಪ್ಲಸ್ ಅನ್ನುವುದು ಕರೆಂಟ್ ಎಷ್ಟು ಪೋಲಾಗುವುದಿಲ್ಲ ಅನ್ನುವ ಅಳತೆ ಮಾತ್ರ, ಗುಣಮಟ್ಟದ ಪೂರ್ತಿ ಖಾತ್ರಿ ಅಲ್ಲ. ಹಾಗಾಗಿ ವಾರಂಟಿ ವರ್ಷ ಮತ್ತು ಆ 12 ವೋಲ್ಟ್ ಲೆಕ್ಕ ಎರಡನ್ನೂ ನೋಡಿ.

ಮಲೆನಾಡಿನಲ್ಲಿ ಇರುವವರಿಗೆ ಕರೆಂಟಿನ ಮಾತು ಇಷ್ಟಕ್ಕೇ ಮುಗಿಯುವುದಿಲ್ಲ. ಮಳೆಗಾಲದಲ್ಲಿ ಲೈನ್ ಹೋಗುವುದು ಬರುವುದು ನಿಮಗೆ ನಾನು ಹೇಳಬೇಕಿಲ್ಲ. ಈ ಯಂತ್ರಕ್ಕೆ ಈಗ 600 ವಿಎ ಯುಪಿಎಸ್ ಸಾಕು. ಅದು ಕೊಡುವುದು ಸುಮಾರು 360 ವ್ಯಾಟ್. ಫೈಲ್ ಸೇವ್ ಮಾಡಿ ಯಂತ್ರ ಮುಚ್ಚುವಷ್ಟು ಹೊತ್ತು ಸಿಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಹಾಕುವ ಯೋಚನೆ ಗಟ್ಟಿಯಿದ್ದರೆ 1000 ವಿಎ ತಗೊಳ್ಳಿ, ಎರಡು ಸಲ ಕೊಳ್ಳುವುದು ತಪ್ಪುತ್ತದೆ. ಮನೆಯಲ್ಲಿ ಸೈನ್ ವೇವ್ ಇನ್ವರ್ಟರ್ ಇದ್ದು ಅದರಲ್ಲಿ ಯುಪಿಎಸ್ ಮೋಡ್ ಇದ್ದರೆ, ಮೊದಲು ಅದನ್ನೇ ಹಳೆ ಕಂಪ್ಯೂಟರ್ ಮೇಲೆ ಪರೀಕ್ಷೆ ಮಾಡಿ. ಮೇನ್ ತೆಗೆದಾಗ ಯಂತ್ರ ರೀಸ್ಟಾರ್ಟ್ ಆಗದಿದ್ದರೆ ಯುಪಿಎಸ್ ದುಡ್ಡನ್ನು ರ್ಯಾಮ್‌ಗೆ ಹಾಕಬಹುದು. ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಮಾತ್ರ ಹೊಸ ಯಂತ್ರ ಹಾಕಬೇಡಿ.

ಅರ್ಥಿಂಗ್ ನೋಡಿಸಿದ್ದೀರಾ? ಕ್ಯಾಬಿನೆಟ್‌ನ ಕಬ್ಬಿಣ ಮುಟ್ಟಿದಾಗ ಬೆರಳು ಜುಮ್ ಅನ್ನುತ್ತದೆಯಾ? ಎಸ್‌ಎಂಪಿಎಸ್ ಒಳಗೆ ಫೇಸ್ ಮತ್ತು ನ್ಯೂಟ್ರಲ್‌ನಿಂದ ಲೋಹದ ಮೈಗೆ ಸಣ್ಣ ಕೆಪ್ಯಾಸಿಟರ್‌ಗಳು ಇರುತ್ತವೆ. ಅರ್ಥ್ ಇಲ್ಲದಿದ್ದರೆ ಆ ಮೈ 230 ವೋಲ್ಟ್‌ನ ಅರ್ಧದ ಹತ್ತಿರ ತೇಲುತ್ತಿರುತ್ತದೆ. ಹರಿಯುವ ಕರೆಂಟ್ ಕಡಿಮೆ, ಹಾಗಾಗಿ ಜುಮ್ ಅಂತ ಮಾತ್ರ ಅನ್ನಿಸುತ್ತದೆ. ಆದರೆ ಪೆನ್ ಡ್ರೈವ್, ಎಚ್‌ಡಿಎಂಐ ಕೇಬಲ್ ಚುಚ್ಚುವಾಗ ಅದೇ ಕರೆಂಟ್ ಪೋರ್ಟ್‌ಗಳ ಮೂಲಕ ಹರಿಯುತ್ತದೆ. ಹೊಸ ಯಂತ್ರ ಬರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ, ಆ ಒಂದು ಸಾಕೆಟ್‌ನ ಅರ್ಥ್ ಆದರೂ ಸರಿ ಮಾಡಿಸಿ. ಗುಡುಗು ಶುರುವಾದರೆ ಪ್ಲಗ್ ಜೊತೆಗೆ ಲ್ಯಾನ್ ಕೇಬಲ್ ಕೂಡ ಎಳೆದುಬಿಡಿ. ಪ್ಲಗ್ ತೆಗೆದಿದ್ದರೂ ಬ್ರಾಡ್‌ಬ್ಯಾಂಡ್ ಪೆಟ್ಟಿಗೆಯ ಕಡೆಯಿಂದ ಹೊಡೆತ ಬಂದು ಬೋರ್ಡ್ ಸುಟ್ಟುಹೋಗುವುದುಂಟು.

ಕ್ಯಾಬಿನೆಟ್‌ಗೆ ಮುಂದೆ ಜಾಲರಿ ಇರಲಿ, ಎರಡು ಫ್ಯಾನ್ ಇರಲಿ. ಬಣ್ಣದ ದೀಪ, ಗಾಜು ನಿಮ್ಮ ಇಷ್ಟ. ಹಿಂದಿನ ಖಾಲಿ ಸ್ಲಾಟ್‌ಗಳ ತಗಡು ಮಾತ್ರ ಮುಚ್ಚಿಸಿಕೊಳ್ಳಿ, ನಮ್ಮ ಕಡೆ ಹಲ್ಲಿ, ಇರುವೆ ಅಲ್ಲಿಂದಲೇ ಒಳಗೆ ಹೋಗುವುದು.

ವಾರ ವಾರಕ್ಕೂ ಬೆಲೆ ಬದಲಾಗುತ್ತಿರುವುದರಿಂದ ರೂಪಾಯಿ ಲೆಕ್ಕ ಬರೆಯುವುದಿಲ್ಲ, ಅಂದಾಜು ಪಾಲು ಹೇಳುತ್ತೇನೆ. ಒಟ್ಟು ದುಡ್ಡಿನಲ್ಲಿ ಕಾಲು ಭಾಗ, ಸ್ವಲ್ಪ ಮೇಲೆ, ಪ್ರೊಸೆಸರ್‌ಗೆ. ಬೋರ್ಡ್ ಮತ್ತು ರ್ಯಾಮ್ ಎರಡೂ ಸೇರಿ ಐದರಲ್ಲಿ ಎರಡು ಪಾಲಿನ ಹತ್ತಿರ. ಉಳಿದದ್ದರಲ್ಲಿ ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್, ಯುಪಿಎಸ್. ಮೀರಿದರೆ ಮೊದಲು ಕ್ಯಾಬಿನೆಟ್‌ನ ಅಂದ ಕಡಿಮೆ ಮಾಡಿ, ಆಮೇಲೆ ಬೋರ್ಡ್ ಎಚ್610ಕ್ಕೆ ಇಳಿಸಿ. ಪ್ರೊಸೆಸರ್‌ಗೆ ಕೈ ಹಾಕುವುದು ಕೊನೆಗೆ. ವಿಂಡೋಸ್ ಲೈಸೆನ್ಸ್ ಖರ್ಚು ಬೇರೆ ಇಟ್ಟುಕೊಳ್ಳಿ. ನುಡಿ ಮತ್ತು ಅಡೋಬಿ ಬಳಸುವವರಿಗೆ ವಿಂಡೋಸ್ ಬಿಟ್ಟು ಬೇರೆ ದಾರಿ ಸುಲಭವಲ್ಲ.

ಎಲ್ಲಿ ಕೊಳ್ಳುವುದು? ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋದರೆ ಆಯ್ಕೆ ಜಾಸ್ತಿ, ಬೆಲೆಯೂ ಸ್ವಲ್ಪ ಕಡಿಮೆ. ಆದರೆ ಬಸ್ ಖರ್ಚು, ಒಂದು ದಿನದ ಕೆಲಸ, ಆಮೇಲೆ ಏನಾದರೂ ಕೆಟ್ಟರೆ ಮತ್ತೆ ಓಡಾಟ. ನಿಮ್ಮ ಎರಡನೇ ಅಂಗಡಿಯವರ ಹತ್ತಿರ ಹೋಗಿ ಈ ಪಟ್ಟಿ ತೋರಿಸಿ, ಮಾದರಿ ಸಂಖ್ಯೆ ಸಮೇತ ಬರೆದುಕೊಡಲು ಹೇಳಿ. ಸಾವಿರ, ಒಂದೂವರೆ ಸಾವಿರ ಜಾಸ್ತಿಯಾದರೂ ವಾರಂಟಿಗೆ ಅವರೇ ಓಡಾಡುತ್ತಾರೆ ಅಂದರೆ ಅಲ್ಲೇ ತಗೊಳ್ಳಿ. ಜಿಎಸ್‌ಟಿ ಬಿಲ್ ಬೇಡ ಅಂದರೆ ಕಡಿಮೆ ಮಾಡುತ್ತೇನೆ ಅನ್ನುತ್ತಾರೆ ಕೆಲವರು. ಒಪ್ಪಬೇಡಿ. ಜಿಎಸ್‌ಟಿ 18% ಉಳಿಸಲು ಹೋಗಿ 3 ವರ್ಷದ ವಾರಂಟಿ ಕಳೆದುಕೊಳ್ಳುತ್ತೀರಿ. ಬಿಲ್‌ನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಇರಬೇಕು. ಜೋಡಿಸುವಾಗ ಎದುರಿಗೇ ಇರಿ. ಡಬ್ಬಗಳನ್ನು ನಿಮ್ಮ ಮುಂದೆಯೇ ಒಡೆಯಲಿ. ಪ್ರೊಸೆಸರ್ ಕೂರಿಸುವ ಮೊದಲು ಬೋರ್ಡ್‌ನ ಸಾಕೆಟ್ ಪಿನ್‌ಗಳ ಒಂದು ಫೋಟೋ ತೆಗೆದಿಡಿ, ಯಾಕೆಂದರೆ ಪಿನ್ ಬಗ್ಗಿದ್ದರೆ ವಾರಂಟಿ ಕೊಡುವುದಿಲ್ಲ. ಯಂತ್ರ ಆನ್ ಆದ ಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸರ್ ಹೆಸರು ಓದಿ, ಎಫ್ ಇಲ್ಲ ತಾನೆ? ರ್ಯಾಮ್ ವೇಗ 3200 ಇದೆಯಾ? 2400 ಅಥವಾ 2666 ತೋರಿಸಿದರೆ ಬಯೋಸ್‌ನಲ್ಲಿ (ಬೋರ್ಡ್‌ನ ಸೆಟ್ಟಿಂಗ್ ಪರದೆ) ಎಕ್ಸ್‌ಎಂಪಿ, ಅಂದರೆ ರ್ಯಾಮ್ ತನ್ನ ಪೂರ್ತಿ ವೇಗದಲ್ಲಿ ಓಡುವ ಆಯ್ಕೆ, ಆನ್ ಮಾಡಿಸಿ.

ಇನ್ನು ತಮ್ಮ. ವ್ಯಾಲೊರಂಟ್, ಮೈನ್‌ಕ್ರಾಫ್ಟ್ ತರಹದ್ದು ಕಡಿಮೆ ಸೆಟ್ಟಿಂಗ್‌ನಲ್ಲಿ ಈ ಯಂತ್ರದಲ್ಲೇ ಆಡಬಹುದು. ದೊಡ್ಡ ಗೇಮ್ ಆಗುವುದಿಲ್ಲ. ಅದನ್ನು ಈಗಲೇ ಅವನಿಗೆ ನೇರವಾಗಿ ಹೇಳಿಬಿಡಿ. ಎಡಿಟಿಂಗ್‌ನಿಂದ ನಾಲ್ಕು ಕಾಸು ಬಂದ ಮೇಲೆ ಆರ್‌ಟಿಎಕ್ಸ್ 5050 ಅಥವಾ ಆಗ ಅದೇ ಬೆಲೆಗೆ ಸಿಗುವ 8 ಜಿಬಿ ಕಾರ್ಡ್ ನೋಡಿ. 5050 ಎಳೆಯುವುದು 130 ವ್ಯಾಟ್, ಎಸ್‌ಎಂಪಿಎಸ್‌ನಲ್ಲಿ ಅದಕ್ಕೆ ಬೇಕಾದ 8 ಪಿನ್ ಕೇಬಲ್ ಇದೆಯಾ ಅಂತ ಈಗಲೇ ನೋಡಿಕೊಂಡು ತಂದಿರಿ. 12400 ಬಿಡಿಸಲಾಗದ ಆ ಎಚ್.264 4:2:2 ಫೈಲನ್ನೂ ಆ ಕಾರ್ಡ್ ಬಿಡಿಸುತ್ತದೆ, ಅವನ ಗೇಮ್‌ಗೆ ತಂದರೂ ನಿಮ್ಮ ಕೆಲಸಕ್ಕೂ ಬರುತ್ತದೆ.